ಫುಟ್‌ಪಾತಿನ ಫಲಕ ಮತ್ತು ಹೂವಿನ ಸೈಕಲ್ಲು

ಸೇತುವೆಯ ಫುಟ್‌ಪಾತಿನ ತುದಿಯಲ್ಲಿ ಒಂದು ತಗಡಿನ ಫಲಕವಿತ್ತು. ‘ಇಲ್ಲಿ ಸೈಕಲ್ ಸವಾರಿ ನಿಷೇಧಿಸಿದೆ’ ಎಂದು ಅದರ ಮೇಲೆ ಬರೆದಿತ್ತು. ಜನ ಎಲೆಯಡಿಕೆ ಹಾಕಿಕೊಂಡು ಸುಣ್ಣದ ಬೆರಳನ್ನು ಅದಕ್ಕೆ ಒರೆಸುತ್ತಿದ್ದರೇ ಹೊರತು ಅದನ್ನು ಓದುತ್ತಿರಲಿಲ್ಲ. ಹೂವಿನ ಬುಟ್ಟಿ ಹೊತ್ತು ಬರುವ ಹಳೆಯ ಸೈಕಲ್ಲೊಂದು ಮಾತ್ರ ದಿನವೂ ಅದರ ಮುಂದೆ ನಿಂತು, ಗಂಟೆ ಬಾರಿಸಿ, ಆಮೇಲೆ ರಸ್ತೆಗಿಳಿಯುತ್ತಿತ್ತು. ಆ ಗಂಟೆಗಾಗಿ ಫಲಕ ಬೆಳಗಿನಿಂದಲೇ ಕಾಯುತ್ತಿತ್ತು. ಹಾಗೆಂದು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಸೈಕಲ್ಲು ಕೇಳಿತು: “ಅಣ್ಣಾ, ರಸ್ತೆಯಲ್ಲಿ ಲಾರಿಗಳು ನನ್ನನ್ನು ಅಂಚಿನ ಕಟ್ಟೆಗೆ ಒತ್ತರಿಸುತ್ತಿವೆ. ಇನ್ನು ಮೇಲೆ ಫುಟ್‌ಪಾತಿನ ಮೇಲೆ ಬಿಡುತ್ತೀಯಾ? ಮೆಲ್ಲಗೆ ಹೋಗುತ್ತೇನೆ.”

“ನಿಯಮ ನಿಯಮವೇ, ತಮ್ಮಾ. ನಿನ್ನನ್ನು ಬಿಟ್ಟರೆ ನಾನಿಲ್ಲಿ ನಿಂತಿರುವುದೇಕೆ?”

“ಅದೂ ಸರಿಯೇ,” ಎಂದು ಸೈಕಲ್ಲು ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಮರುದಿನ ಗಂಟೆ ಕೇಳಲಿಲ್ಲ. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ ಸ್ಕೂಟರೊಂದು ಫುಟ್‌ಪಾತ್ ಹತ್ತಿ ಬಂತು.

“ನಿಲ್ಲು!” ಎಂದಿತು ಫಲಕ.

“ನಿನ್ನ ಮೈಮೇಲೆ ನನ್ನ ಹೆಸರೆಲ್ಲಿದೆ, ತಗಡಪ್ಪಾ?” ಎಂದು ಸ್ಕೂಟರು ನಕ್ಕಿತು.

ಫಲಕ ತನ್ನನ್ನು ತಾನೇ ಓದಿಕೊಂಡಿತು. ಆ ಹೆಸರು ನಿಜಕ್ಕೂ ಇರಲಿಲ್ಲ. ಅದು ದನಿ ತಗ್ಗಿಸಿ, “ಹೋಗಲಿ ಬಿಡು. ಹೂವಿನ ಸೈಕಲ್ಲನ್ನು ಎಲ್ಲಾದರೂ ಕಂಡೆಯಾ?” ಎಂದಿತು.

“ಕಂಡೆ. ಕಾಲುವೆ ಏರಿಯ ಮೇಲೆ ಹೋಗುತ್ತಿತ್ತು. ಸುತ್ತುದಾರಿಯಾದರೂ ಅಲ್ಲಿ ತಡೆಯುವವರು ಇಲ್ಲವಂತೆ.”

ಅದರ ಹಿಂದೆಯೇ ಇನ್ನಷ್ಟು ಸ್ಕೂಟರುಗಳು ಬಂದವು. ಫಲಕ ಯಾವುದನ್ನೂ ತಡೆಯಲಿಲ್ಲ. ಬೇಡವೆಂದರೆ ಕೇಳುತ್ತಿದ್ದುದು ಹೂವಿನ ಸೈಕಲ್ಲೊಂದೇ. ಅದನ್ನು ಫಲಕ ತಾನೇ ಕಳಿಸಿಬಿಟ್ಟಿತ್ತು.