ಎರಡೂ ಕಡೆ ತಿರುಗುವ ಬಳೆ

"ಬುದ್ಧಿ, ಯಾರೂ ಕೇಳದಿದ್ದಾಗ ಹೇಳದೆ ಇರುವುದೂ ಸುಳ್ಳೇ?"

ಕೇಳಿದವನು ಷಡಕ್ಷರಿ. ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ಬೆಳಗಿನ ಪಾಠ ಮುಗಿದು ಉಳಿದ ಶಿಷ್ಯರೆಲ್ಲ ಹೊರಟುಹೋಗಿದ್ದರು. ಗುರುಗಳು ಏಳುವುದರಲ್ಲಿದ್ದರು.

"ಕೇಳಿದಾಗ ಇಲ್ಲ ಎಂದರೆ ಅದು ಸುಳ್ಳು. ಅಷ್ಟು ನನಗೆ ಗೊತ್ತು. ಆದರೆ ಯಾರೂ ಕೇಳಲೇ ಇಲ್ಲ ಅನ್ನಿ. ಆಗ?"

ಗುರುಗಳು ಮತ್ತೆ ಕೂತರು. ಅವನಿಗೂ ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ವಾಚು ಮಾಡುವವನಿದ್ದ. ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದಿದ್ದ. ಬೇರೆಯವರು ಬರೆದ ನಕ್ಷೆಯ ಪ್ರಕಾರ ಬೇರೆಯವರ ಹೆಸರಿನ ವಾಚುಗಳಿಗೆ ಮುಳ್ಳು ಕೂರಿಸುವುದು ಅವನ ಕೆಲಸ. ಕಾರ್ಖಾನೆ ಮುಚ್ಚಿತು. ಅವನು ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಲೇತ್ ಮೆಷಿನ್ನು ತಂದಿಟ್ಟುಕೊಂಡು ತನ್ನದೇ ವಾಚು ಮಾಡತೊಡಗಿದ. ನೀರಿಗೆ ಇಳಿಯುವವರು ಕಟ್ಟುವ ವಾಚು. ದಪ್ಪ ಗಾಜು, ಉಕ್ಕಿನ ಮೈ, ಕತ್ತಲಲ್ಲಿ ಹೊಳೆಯುವ ಮುಳ್ಳು. ಡಯಲ್ಲಿನ ಮೇಲೆ ತನ್ನ ಹೆಸರನ್ನು ಬರೆದ. ಎರಡು ವರ್ಷ ಕೂತು ನಲವತ್ತು ವಾಚು ಮಾಡಿದ. ಒಂದರೊಳಗೂ ನೀರು ಹೋಗಲಿಲ್ಲ. ಒಂದೂ ಹೊತ್ತು ತಪ್ಪಲಿಲ್ಲ.

ಇಂಥ ವಾಚಿಗೆ ಗಾಜಿನ ಸುತ್ತ ತಿರುಗುವ ಒಂದು ಬಳೆ ಇರುತ್ತದೆ. ಬಳೆಯ ಮೇಲೆ ಒಂದು ಗುರುತು, ಗುರುತಿನಿಂದ ಮುಂದಕ್ಕೆ ನಿಮಿಷಗಳು. ಮುಳುಗುವವನು ನೀರಿಗೆ ಇಳಿಯುವ ಮೊದಲು ಆ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸುತ್ತಾನೆ. ಆಮೇಲೆ ಮುಳ್ಳು ಗುರುತಿನಿಂದ ಎಷ್ಟು ದೂರ ಹೋಗಿದೆಯೋ ಅಷ್ಟು ಹೊತ್ತು ಅವನು ಕೆಳಗಿದ್ದಾನೆ ಎಂದರ್ಥ. ಬಳೆ ಅಕಸ್ಮಾತ್ತಾಗಿ ಎಡಕ್ಕೆ ಜಾರಿದರೆ ಆಗಿರುವುದಕ್ಕಿಂತ ಹೆಚ್ಚು ಹೊತ್ತು ತೋರಿಸುತ್ತದೆ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೇ. ಬಲಕ್ಕೆ ಜಾರಿದರೆ ಕಡಿಮೆ ತೋರಿಸುತ್ತದೆ. ಅವನು ಕೆಳಗೇ ಉಳಿಯುತ್ತಾನೆ. ಅದಕ್ಕೇ ಬಳೆಯ ಅಡಿಯಲ್ಲಿ ಉಕ್ಕಿನದೊಂದು ಸಣ್ಣ ಹಲ್ಲು ಇಡಬೇಕು. ಹಲ್ಲು ಇದ್ದರೆ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ.

ಇದು ವಾಚಿನವನಿಗೆ ಗೊತ್ತಿರಲಿಲ್ಲ ಎಂದಲ್ಲ. ಅವನ ನಕ್ಷೆಯಲ್ಲಿ ಹಲ್ಲು ಇತ್ತು. ಆದರೆ ಅದನ್ನು ಕೈಯಲ್ಲಿ ಅರದಿಂದ ಉಜ್ಜಿ ಕೂರಿಸುವುದಕ್ಕೆ ಒಂದೊಂದು ವಾಚಿಗೆ ಮೂರು ದಿನ ಹಿಡಿಯುತ್ತಿತ್ತು. ಕೂರಿಸಿದರೆ ಬಳೆ ಕಟಕಟ ಎನ್ನುತ್ತಿತ್ತು. ಕೂರಿಸದಿದ್ದರೆ ನುಣ್ಣಗೆ ತಿರುಗುತ್ತಿತ್ತು. ಕೊಳ್ಳಲು ಬಂದವರು ಮೊದಲು ಮಾಡುತ್ತಿದ್ದುದು ಬಳೆ ತಿರುಗಿಸಿ ನೋಡುವುದು. ತಿರುಗಿಸಿ, ಎಷ್ಟು ನುಣುಪು ಎಂದು ತಲೆದೂಗುತ್ತಿದ್ದರು. ಅವರು ಡಾಕ್ಟರುಗಳು, ವಕೀಲರು, ವಾಚಿನ ಹುಚ್ಚಿನವರು. ಅವರಲ್ಲಿ ಯಾರೂ ಈಜುಕೊಳಕ್ಕಿಂತ ಆಳದ ನೀರು ಕಂಡವರಲ್ಲ. ಅವನು ನಲವತ್ತಕ್ಕೂ ಹಲ್ಲು ಬಿಟ್ಟುಬಿಟ್ಟ.

ಒಂದು ದಿನ ಒಬ್ಬ ಮುಳುಗುಗಾರ ಬಂದ. ಜಲಾಶಯದಲ್ಲಿ ಕೆಲಸ ಮಾಡುವವನು. ತೂಬಿನ ಬಾಯಿಗೆ ಸಿಕ್ಕಿಕೊಂಡ ಮರದ ದಿಮ್ಮಿ ಬಿಡಿಸುವುದು, ಕಟ್ಟಿದ ಹೂಳು ಕೆದಕುವುದು, ಯಾರಾದರೂ ಮುಳುಗಿ ಸತ್ತರೆ ಹೆಣ ಹುಡುಕಿ ತರುವುದು. ವಾಚನ್ನು ಕೈಗೆ ತೆಗೆದುಕೊಂಡು ಬಳೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ.

"ಯಜಮಾನರೇ, ಇದು ಎರಡೂ ಕಡೆ ತಿರುಗುತ್ತದಲ್ಲ?"

"ಬಿಗಿಯಾಗಿದೆ. ತಾನಾಗಿ ತಿರುಗುವುದಿಲ್ಲ" ಎಂದ ವಾಚಿನವನು.

ಬಿಗಿಯಾಗಿದ್ದುದು ನಿಜ. ಮುಳುಗುಗಾರ ಇನ್ನೊಮ್ಮೆ ತಿರುಗಿಸಿ ನೋಡಿ ಒಪ್ಪಿಕೊಂಡ. ವಾಚು ಮಾಡಿದವನೇ ಹೇಳುತ್ತಿರುವಾಗ ಅವನು ಇನ್ನೇನು ಕೇಳಿಯಾನು? ನಿಜವಾಗಿ ನೀರಿಗೆ ಇಳಿಯುವವನೊಬ್ಬ ತನ್ನ ವಾಚು ಕಟ್ಟುತ್ತಾನಲ್ಲ ಎಂದು ವಾಚಿನವನಿಗೆ ಖುಷಿಯೋ ಖುಷಿ. ಅರ್ಧ ಬೆಲೆಗೆ ಕೊಟ್ಟ. ತಾನೇ ಪಟ್ಟಿ ಕಟ್ಟಿದ.

ಅವರಿಬ್ಬರಿಗೂ ಸ್ನೇಹವಾಯಿತು. ಮುಳುಗುಗಾರ ಆರು ತಿಂಗಳಿಗೊಮ್ಮೆ ರಬ್ಬರ್ ವಾಷರು ಬದಲಿಸಿಕೊಳ್ಳಲು ಬರುತ್ತಿದ್ದ. ಬಂದರೆ ಕಾಫಿ ಕುಡಿದು ಒಂದು ಗಳಿಗೆ ಕೂತು ಹೋಗುತ್ತಿದ್ದ. ಹೆಚ್ಚು ಮಾತಿನವನಲ್ಲ. ಒಮ್ಮೆ ಮಾತ್ರ, "ಕೆಳಗೆ ನನ್ನ ಕೈ ನನಗೇ ಕಾಣುವುದಿಲ್ಲ ಯಜಮಾನರೇ. ನಿಮ್ಮ ಮುಳ್ಳುಗಳು ಕಾಣುತ್ತವೆ. ಜೊತೆಗೆ ಯಾರೋ ಇದ್ದ ಹಾಗೆ ಇರುತ್ತದೆ" ಎಂದಿದ್ದ. ಆ ಮಾತನ್ನು ವಾಚಿನವನು ಬಂದವರಿಗೆಲ್ಲ ಹೇಳುತ್ತಿದ್ದ.

ಮೂರನೆಯ ವರ್ಷ ತೂಬಿನೊಳಗೆ ಒಂದು ದಿಮ್ಮಿ ಸಿಕ್ಕಿಕೊಂಡಿತು. ಮುಳುಗುಗಾರ ಇಳಿದ. ಅವನ ಬೆನ್ನಿಗಿದ್ದ ಸಿಲಿಂಡರಿನಲ್ಲಿ ನಲವತ್ತು ನಿಮಿಷದ ಗಾಳಿ. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ಆ ಹಳೆಯ ಸಿಲಿಂಡರಿಗೆ ಇರಲಿಲ್ಲ. ಮೂವತ್ತು ನಿಮಿಷವಾಗುತ್ತಲೇ ಮೇಲಕ್ಕೆ ಹೊರಡುವುದು ಅವನ ಇಪ್ಪತ್ತು ವರ್ಷದ ರೂಢಿ. ಕೆಲಸ ಮುಗಿದಿರಲಿ, ಬಿಡಲಿ. ಆ ದಿನ ಅವನು ಮೇಲೆ ಬರಲಿಲ್ಲ. ಮರುದಿನ ಬೇರೆ ಊರಿನ ಮುಳುಗುಗಾರರು ಬಂದು ಹೆಣ ತೆಗೆದರು. ಕೆಲಸ ಮುಗಿಸುವ ಹಟದಲ್ಲಿ ಹೊತ್ತು ನೋಡಿಕೊಳ್ಳದೆ ಸತ್ತ ಎಂದು ಜಲಾಶಯದವರು ಬರೆದುಕೊಂಡರು. ಊರಿನಲ್ಲಿಯೂ ಅದೇ ಮಾತಾಯಿತು.

ತಿಥಿಯೆಲ್ಲ ಮುಗಿದ ಮೇಲೆ ಅವನ ಹೆಂಡತಿ ವಾಚಿನವನ ಮನೆಗೆ ಬಂದಳು. ಜೊತೆಗೆ ಅವಳ ಮೈದುನನೂ ಇದ್ದ. ಸತ್ತವನ ತಮ್ಮ. ಅವನದೂ ನೀರಿಗೆ ಇಳಿಯುವ ಕೆಲಸವೇ. ಅವಳು ಒಂದು ಬಟ್ಟೆಯ ಗಂಟು ಬಿಚ್ಚಿ ವಾಚನ್ನು ಮೇಜಿನ ಮೇಲಿಟ್ಟಳು.

"ಮೇಲೆ ತಂದಾಗಲೂ ಇದು ನಡೆಯುತ್ತಿತ್ತು ಅಣ್ಣಾ. ಮನೆಯಲ್ಲಿ ಇಟ್ಟ ಮೇಲೆ ನಿಂತಿತು. ಇನ್ನು ಮೈದುನ ಕಟ್ಟುತ್ತಾನೆ. ಒಂದು ಸಲ ನೋಡಿ ಕೊಡಿ."

ವಾಚಿನವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಳೆಯ ಅಂಚಿನಲ್ಲಿ ಉದ್ದಕ್ಕೊಂದು ಗೀರು ಬಿದ್ದಿತ್ತು. ಕಬ್ಬಿಣವೋ ಕಲ್ಲೋ ಒತ್ತಿ ಎಳೆದ ಗೀರು. ಅದು ಎಡದಿಂದ ಬಲಕ್ಕೆ ಹೋಗಿತ್ತು. ಗುರುತು ಎರಡರ ಅಂಕೆಯ ಎದುರಿಗೆ ನಿಂತಿತ್ತು.

"ಅವರು ಇಳಿದದ್ದು ಎಷ್ಟು ಹೊತ್ತಿಗೆ?" ಎಂದು ಅವನು ಕೇಳಿದ.

"ಸರಿಯಾಗಿ ಹನ್ನೊಂದಕ್ಕೆ. ದಂಡೆಯ ಮೇಲಿದ್ದ ಇಂಜಿನಿಯರು ಬರೆದುಕೊಂಡಿದ್ದಾರೆ."

ಸರಿಯಾಗಿ ಹನ್ನೊಂದಕ್ಕೆ ಇಳಿದವನು ಗುರುತನ್ನು ಹನ್ನೆರಡರ ಅಂಕೆಯ ಎದುರಿಗೆ ಇಟ್ಟಿರಬೇಕು. ಅದು ಎರಡಕ್ಕೆ ಬಂದಿದೆ. ಹತ್ತು ನಿಮಿಷ ಬಲಕ್ಕೆ. ದಿಮ್ಮಿಯ ಸಂದಿಯಲ್ಲಿ ಕೈ ತೂರಿಸುವಾಗ ಜಾರಿದೆ. ಅವನು ಹೊತ್ತು ನೋಡಿದ್ದಾನೆ. ನೋಡುತ್ತಲೇ ಇದ್ದಿದ್ದಾನೆ. ಬಳೆ ಮೂವತ್ತು ಎಂದು ತೋರಿಸುವ ಹೊತ್ತಿಗೆ ನಲವತ್ತು ಆಗಿದೆ. ವಾಚಿನವನಿಗೆ ಇದಷ್ಟೂ ಒಂದೇ ಕ್ಷಣಕ್ಕೆ ತಿಳಿಯಿತು.

"ವಾಚಿನಲ್ಲಿ ಏನೂ ಕುಂದಿಲ್ಲ ಎಂದು ನಮಗೆ ಗೊತ್ತು. ಅವರೇ ಹೊತ್ತು ಮರೆತರು" ಎಂದಳು ಆಕೆ.

ಅದು ಪ್ರಶ್ನೆಯಾಗಿರಲಿಲ್ಲ. ವಾಚಿನವನು ಮೆತ್ತನೆಯ ಬಟ್ಟೆ ತೆಗೆದುಕೊಂಡು ವಾಚನ್ನು ಒರೆಸತೊಡಗಿದ. ಒರೆಸುತ್ತ ಒರೆಸುತ್ತ ಅವನ ಹೆಬ್ಬೆರಳು ಬಳೆಯನ್ನು ಹಿಂದಕ್ಕೆ ಹನ್ನೆರಡರ ಎದುರಿಗೆ ತಂದು ನಿಲ್ಲಿಸಿತು. ಬಳೆ ನುಣ್ಣಗೆ ತಿರುಗಿತು. ಎದುರಿಗೆ ಕೂತ ಇಬ್ಬರೂ ನೋಡುತ್ತಿದ್ದರು. ಅವರಿಗೆ ಅದು ವಾಚು ಒರೆಸಿದ ಹಾಗೆಯೇ ಕಂಡಿತು.

ಒಂದು ವಾರ ಬಿಟ್ಟು ಬನ್ನಿ ಎಂದು ಅವರನ್ನು ಕಳಿಸಿದ. ಅವರು ಹೋದ ಮೇಲೆ ವಾಚು ಬಿಚ್ಚಿದ. ಮೂರು ದಿನ ಕೂತು ಉಕ್ಕಿನ ಹಲ್ಲನ್ನು ಅರದಿಂದ ಉಜ್ಜಿ ಅದಕ್ಕೆ ಕೂರಿಸಿದ. ಗೀರು ಬಿದ್ದ ಬಳೆ ತೆಗೆದು ಹೊಸದು ಹಾಕಿದ. ಆ ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಉಂಡ.

ತಮ್ಮ ಬಂದ. ಕಟ್ಟಿಕೊಂಡು ಬಳೆ ತಿರುಗಿಸಿ ನೋಡಿದ.

"ಮೊದಲು ಎರಡೂ ಕಡೆ ತಿರುಗುತ್ತಿತ್ತು. ಈಗ ಒಂದೇ ಕಡೆ."

"ಈಗ ಹಾಗೇ ಮಾಡುತ್ತಿದ್ದೇನೆ" ಎಂದ ವಾಚಿನವನು.

ತಮ್ಮ ತಲೆಯಾಡಿಸಿದ. ಏಕೆ ಎಂದು ಕೇಳಲಿಲ್ಲ. "ನಾನು ಹುಷಾರಾಗಿರುತ್ತೇನೆ ಬಿಡಿ. ನಮ್ಮಣ್ಣನ ಹಾಗೆ ಮೈಮರೆಯುವುದಿಲ್ಲ" ಎಂದು ಹೇಳಿ ಹೋದ.

ಅಲ್ಲಿಂದ ಮುಂದೆ ವಾಚಿನವನು ಮಾಡಿದ ಎಲ್ಲ ವಾಚುಗಳಿಗೂ ಹಲ್ಲು ಇತ್ತು. ಇದು ಹೊಸ ಮಾದರಿ ಎಂದ. ಕೊಳ್ಳುವವರು ಕಟಕಟ ಸದ್ದು ಕೇಳಿ ಇದೂ ಚೆನ್ನಾಗಿದೆ ಎಂದರು. ಹಳೆಯ ನಲವತ್ತರಲ್ಲಿ ಉಳಿದ ಮೂವತ್ತೊಂಬತ್ತು ಯಾರ ಯಾರ ಕೈಯಲ್ಲಿವೆ ಎಂಬ ಪಟ್ಟಿ ಅವನ ಬಳಿ ಇತ್ತು. ಅವರಿಗೆ ಒಂದೊಂದು ಕಾಗದ ಬರೆಯಬಹುದಿತ್ತು. ಬರೆದರೆ ಕಾರಣ ಬರೆಯಬೇಕಾಗುತ್ತಿತ್ತು. ಅವರೇನು ನೀರಿಗೆ ಇಳಿಯುವವರೇ ಎಂದುಕೊಂಡು ಸುಮ್ಮನಾದ.

ವರ್ಷಗಳು ಕಳೆದವು. ಅವನ ವಾಚಿಗೆ ಹೆಸರು ಬಂತು. ಬೇಕೆಂದವರು ಎರಡು ವರ್ಷ ಕಾಯಬೇಕಾಯಿತು. ಒಮ್ಮೆ ಸತ್ತವನ ತಮ್ಮ ಮತ್ತೆ ಬಂದ. ಅವನೀಗ ಹೊಸ ಮುಳುಗುಗಾರರಿಗೆ ಕೆಲಸ ಕಲಿಸುತ್ತಿದ್ದ. ಕಾಫಿ ಕುಡಿಯುತ್ತ ಹೇಳಿದ: "ಮೊದಲನೆಯ ದಿನ ಅವರಿಗೆ ನಮ್ಮಣ್ಣನ ಕತೆಯನ್ನೇ ಹೇಳುವುದು ಯಜಮಾನರೇ. ಕೈಯಲ್ಲಿ ಇಷ್ಟು ಒಳ್ಳೆಯ ವಾಚು ಇಟ್ಟುಕೊಂಡು, ನೋಡದೆ ಸತ್ತ ಎಂದು. ಅವನ ಹೆಸರು ಹೇಳಿದರೆ ಈಗ ಎಲ್ಲರೂ ಎಚ್ಚರವಾಗುತ್ತಾರೆ."

ವಾಚಿನವನು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಇನ್ನು ತಡೆಯಲಾರೆ ಎಂದು ಆ ದಿನ ಅವನಿಗೆ ಅನ್ನಿಸಿತು. ಮರುದಿನ ಬಸ್ಸು ಹತ್ತಿ ಸತ್ತವನ ಊರಿಗೆ ಹೋದ. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಸತ್ತವನ ಹೆಂಡತಿ ಚಾಪೆ ಹಾಸಿದಳು. ನೀರು ಕೊಟ್ಟಳು. ಇಷ್ಟು ದೂರ ಬಂದಿರಲ್ಲ ಅಣ್ಣಾ ಎಂದಳು. ಗೋಡೆಯ ಮೇಲೆ ಅತ್ತೆ ಮಾವಂದಿರ ಫೋಟೊ ಇತ್ತು. ಗಂಡನದು ಇರಲಿಲ್ಲ. ಅವನು ಗೋಡೆ ನೋಡುತ್ತಿರುವುದನ್ನು ಅವಳು ಕಂಡಳು.

"ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಹೆಂಡತಿ ಇದ್ದಾಳೆ, ಮಗಳಿದ್ದಾಳೆ ಎಂಬುದು ಮನಸ್ಸಿನಲ್ಲಿ ಇದ್ದಿದ್ದರೆ ಅವರು ಹೊತ್ತು ನೋಡುತ್ತಿದ್ದರು. ನೋಡಲಿಲ್ಲ. ನಡುನೀರಿನಲ್ಲಿ ಬಿಟ್ಟು ಹೋದರು. ಎಂಟು ವರ್ಷವಾಯಿತು ಅಣ್ಣಾ, ಇನ್ನೂ ನನ್ನ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನನ್ನಿಂದಾಗುವುದಿಲ್ಲ."

ಜೋಡಿಸಿಕೊಂಡು ಬಂದ ಮಾತು ಅವನ ಬಾಯಿಯಲ್ಲೇ ಇತ್ತು. ಇವಳು ಒಂದು ಸಲ ಕೇಳಲಿ, ಹೇಳಿಬಿಡುತ್ತೇನೆ ಎಂದುಕೊಂಡು ಕೂತ. ವಾಚಿನಲ್ಲಿ ಏನಾದರೂ ಇತ್ತೇ ಎನ್ನಲಿ. ಏಕೆ ಬಂದಿರಿ ಎಂದಾದರೂ ಕೇಳಲಿ. ಅವಳು ಅವನ ಆರೋಗ್ಯ ಕೇಳಿದಳು. ಮಕ್ಕಳ ಬಗ್ಗೆ ಕೇಳಿದಳು. ಊಟಕ್ಕೆ ಬಡಿಸಿ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ನಾಲ್ಕು ಗಂಟೆಯ ಬಸ್ಸು ಬಂತು. ಅವನು ಎದ್ದು ಹೊರಟ. ಬಸ್ಸಿನವರೆಗೂ ಬಂದು ಅವಳು ಕೈ ಮುಗಿದಳು.

ಅದಾದ ಮೇಲೆ ಅವನು ಇನ್ನೂ ಹನ್ನೆರಡು ವರ್ಷ ಬದುಕಿದ್ದ. ಆ ಊರಿಗೆ ಮತ್ತೆ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿ ನೆಲ ನೋಡುತ್ತ ಮೆಲ್ಲಗೆ ಅಂದ: "ಅವಳು ಒಂದು ಮಾತು ಕೇಳಿದ್ದರೆ ಅವನು ಖಂಡಿತ ಹೇಳಿಬಿಡುತ್ತಿದ್ದ, ಬುದ್ಧಿ."

ಗುರುಗಳು ಅವನ ಮುಖವನ್ನೇ ನೋಡಿದರು.

"ಸರಿ ಷಡಕ್ಷರಿ, ಈಗ ನಾನು ಕೇಳುತ್ತಿದ್ದೇನೆ, ಹೇಳು."

ಷಡಕ್ಷರಿ ಬಾಯಿ ತೆರೆದ. ಮಾತು ಹೊರಡಲಿಲ್ಲ.