ಸುಟ್ಟ ಹುಣಸೆಮರದ ಪಕ್ಕದ ಪೊದೆ

ಕಾಳ್ಗಿಚ್ಚಿಗೆ ಸುಟ್ಟುಹೋದ ಹುಣಸೆಮರದ ಪಕ್ಕದಲ್ಲೇ ಒಂದು ಪೊದೆಯಿತ್ತು. ಸಂಜೆ ಹೊತ್ತು ಒಟ್ಟಿಗೆ ಕೂರಲು ಆ ಪೊದೆಯನ್ನು ಬಿಟ್ಟುಕೊಡಿ ಎಂದು ಮಿಂಚುಹುಳುಗಳು ಕಾಡಿನವರನ್ನು ಕೇಳಿದವು. ಮರಿಗಳನ್ನು ಆ ಮರದಲ್ಲೇ ಕಳೆದುಕೊಂಡಿದ್ದ ಅಳಿಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಮಕ್ಕಳು ಬೆಂದ ಜಾಗಕ್ಕೇ ಬೆಂಕಿ ಹೊತ್ತು ಬರುತ್ತೀರಾ?"

"ಇದು ಸುಡುವುದಿಲ್ಲ ತಾಯಿ, ಮುಟ್ಟಿ ನೋಡಿ. ಆ ಕಿಚ್ಚಿನಲ್ಲಿ ನಮ್ಮವರೂ ಬೆಂದರು" ಎಂದಿತು ಹಿರಿಯ ಮಿಂಚುಹುಳು.

ಅಳಿಲಮ್ಮ ಮುಟ್ಟಲಿಲ್ಲ. ಈ ನಯವಾದ ಮಾತಿನ ಹಿಂದೆ ಏನಿದೆಯೋ ಯಾರಿಗೆ ಗೊತ್ತು!

"ಮೊದಲು ಬೆಳಕು ಆರಿಸಿ. ಆಮೇಲೆ ಬೇಕಾದರೆ ಕೂತುಕೊಳ್ಳಿ."

ಪಾಪ, ಅವು ಒಂದೊಂದಾಗಿ ಬೆಳಕು ಆರಿಸಿಕೊಂಡು, ತಡವರಿಸುತ್ತ ಪೊದೆಯೊಳಗೆ ಹೋಗಿ ಕೂತವು.

ಅಳಿಲಮ್ಮ ಕಣ್ಣು ಕಿರಿದು ಮಾಡಿ ಆ ಪೊದೆಯನ್ನೇ ದಿಟ್ಟಿಸಿದಳು. ಏನೂ ಕಾಣಲಿಲ್ಲ. ಕಾಡಿಗೆಲ್ಲ ಕೇಳುವಂತೆ ಕೂಗಿಕೊಂಡಳು:

"ನೋಡಿದಿರಾ? ಕಳ್ಳರ ಹಾಗೆ ಕತ್ತಲಲ್ಲಿ ಕೂತು ಏನೋ ಮಸಲತ್ತು ಮಾಡುತ್ತಿದ್ದಾರೆ!"