ಗಂಟೆ ಆಫ್ ಮಾಡಿದ ನರಿ

ಹೊಳೆ ದಾಟಿದರೆ ಸಿಗುವ ಒಂದು ಕಾಡಿನಲ್ಲಿ ಒಂಬತ್ತು ಮನೆ, ಮನೆಗೊಂದು ಕಂಪ್ಯೂಟರ್ ಇತ್ತು. ನೀರೇರಿದರೆ ಗಂಟೆ ಬಾರಿಸಿ ಎಚ್ಚರಿಸುವುದು ಅದರ ಕೆಲಸ. ಆನೆಯದು ಬಂಡೆಯಷ್ಟು ದೊಡ್ಡದು, ಮುಳ್ಳುಹಂದಿಯದು ನೆಲ್ಲಿಕಾಯಿಯಷ್ಟು. ಎಲ್ಲವನ್ನೂ ಒಳಗಿನಿಂದ ನಡೆಸುವ ಮೂಲ ತಂತ್ರಾಂಶ ಮಾತ್ರ ಒಂದೇ. ಅದಕ್ಕೆ ಕರ್ನಲ್ ಅನ್ನುತ್ತಿದ್ದರು. ಪ್ರತಿ ಮಳೆಗಾಲಕ್ಕೆ ಮುಂಚೆ ಅದನ್ನು ಒಂದೊಂದು ಯಂತ್ರಕ್ಕೂ ಅದರದೇ ಸೆಟ್ಟಿಂಗ್ ಹಾಕಿ ಹೊಸದಾಗಿ ಕಟ್ಟಬೇಕಿತ್ತು.

ಆ ಕೆಲಸ ಕಾಡುಪಾಪ ಮೆಲ್ಲಮ್ಮನದು. ಅವಳು ಗುಂಡಿ ಒತ್ತಿದರೆ ಒಂಬತ್ತು ಬಗೆಯ ಕರ್ನಲ್ ತಾನಾಗಿಯೇ ತಯಾರಾಗಿ, ಒಂಬತ್ತು ಯಂತ್ರಗಳಲ್ಲಿ ಓಡುತ್ತಿತ್ತು. ಗಂಟೆ ಕೇಳಿಸಿದರೆ ಮಾತ್ರ ಹಸಿರು ದೀಪ. ಇದಕ್ಕೆ ಮೂರು ದಿನ ಹಿಡಿಯುತ್ತಿತ್ತು.

ಪಕ್ಕದ ಕಾಡಿನಿಂದ ಹೊಸದಾಗಿ ಬಂದ ನರಿ ಚುರುಕಪ್ಪನ ಕಣ್ಣು ಆ ಕೆಲಸದ ಮೇಲೆ ಬಿತ್ತು. ಮೂರು ದಿನ ಯಾಕೆ, ನಾನು ಅರ್ಧ ದಿನದಲ್ಲಿ ಮುಗಿಸುತ್ತೇನೆ ಎಂದು ಆನೆ ಯಜಮಾನನ ಮುಂದೆ ಜಂಬ ಕೊಚ್ಚಿದ. ಯಜಮಾನ ಪಾಪ, ನಂಬಿ ಒಪ್ಪಿಬಿಟ್ಟ.

ಚುರುಕಪ್ಪ ಓಡಿಸಿ ನೋಡುವ ಗೊಡವೆಗೇ ಹೋಗಲಿಲ್ಲ. ಕಟ್ಟಿದರೆ ಸಾಕು, ದೀಪ ಹತ್ತಲಿ ಎಂದು ನಿಯಮವನ್ನೇ ಬದಲಿಸಿದ. ಎಂಟು ಹಸಿರು ದೀಪ ಹತ್ತಿದವು, ಮುಳ್ಳುಹಂದಿಯದು ಕೆಂಪು. ಗಂಟೆ ಬಾರಿಸುವ ಭಾಗ ಆ ಪುಟ್ಟ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಸರಿಮಾಡುತ್ತ ಕೂತರೆ ಮಧ್ಯಾಹ್ನ ದಾಟುತ್ತದಲ್ಲ! ನರಿ ಸೆಟ್ಟಿಂಗಿನಲ್ಲಿ ಗಂಟೆಯನ್ನೇ ಆಫ್ ಮಾಡಿದ. ಹತ್ತಿತು ನೋಡಿ ಹಸಿರು ದೀಪ. ಹೊಳೆದಂಡೆಯಲ್ಲಿದ್ದ ಮುಳ್ಳುಹಂದಿಯ ಬಿಲದಲ್ಲಿ ನಾಲ್ಕು ಮರಿಗಳಿದ್ದದ್ದು ಆ ಅಯೋಗ್ಯನಿಗೆ ನೆನಪೇ ಆಗಲಿಲ್ಲ.

ಗಂಟೆ ಕೇಳಿಸಿಕೊಂಡೆಯಾ ಎಂದು ಮೆಲ್ಲಮ್ಮ ಕೇಳಿದಳು. ದೀಪ ಕಾಣಿಸುವುದಿಲ್ಲವೇ ಎಂದು ನರಿ ನಕ್ಕ.

ಅಷ್ಟರಲ್ಲಿ ಮೋಡ ಕವಿಯಿತು. ಯಜಮಾನ ಸೊಂಡಿಲೆತ್ತಿ ಹೇಳಿದ, "ನಮ್ಮಲ್ಲೊಂದು ಪದ್ಧತಿ ಇದೆ ಚುರುಕಪ್ಪ. ಕರ್ನಲ್ ಕಟ್ಟಿದವರು ಮೊದಲ ಮಳೆ ಮುಗಿಯುವ ತನಕ ಮುಳ್ಳುಹಂದಿಯ ಬಿಲದಲ್ಲೇ ಇರಬೇಕು."

ನರಿಯ ಬಾಲ ಮುದುರಿತು. ಹೊಟ್ಟೆನೋವು ಅಂದ, ಕಾಲು ಉಳುಕಿದೆ ಅಂದ. ಬಿಲದಲ್ಲೇ ಮಲಗಿ ಸುಧಾರಿಸಿಕೋ ಎಂದು ಯಜಮಾನ ಅವನನ್ನು ಕರೆದುಕೊಂಡೇ ಹೋದ. ಒಳಗಿನ ಮರಿಗಳು ಸರಿದು ಜಾಗ ಬಿಟ್ಟವು.

"ಬಾ ಮಾವ, ಗಂಟೆ ಹೊಡೆಯೋ ತನಕ ಮಲಗೋಣ."

ಚುರುಕಪ್ಪ ಬಿಲದ ಬಾಯಿಂದ ಇಣುಕಿದ. ಹೊರಗೆ ಹೊಳೆ ಮೊರೆಯುತ್ತಿತ್ತು.

"ಅದು ಹೊಡೆಯೋದಿಲ್ಲ," ಅಂದ. "ನಾನೇ ಆಫ್ ಮಾಡಿದ್ದೀನಿ."

ಯಜಮಾನ ತಕ್ಷಣ ಮರಿಗಳನ್ನೆಲ್ಲ ಬೆನ್ನ ಮೇಲೆ ಹತ್ತಿಸಿಕೊಂಡು ದಿಬ್ಬಕ್ಕೆ ನಡೆದ. ಮೆಲ್ಲಮ್ಮ ತನ್ನ ಮೂರು ದಿನ ತೆಗೆದುಕೊಂಡೇ ಎಲ್ಲ ಸರಿಮಾಡಿದಳು. ಈಗ ಒಂಬತ್ತು ಯಂತ್ರಗಳಿಗೂ ಕಿವಿಗೊಟ್ಟು ಗಂಟೆ ಕೇಳುವುದು ಚುರುಕಪ್ಪನ ಕೆಲಸ. ಮುಳ್ಳುಹಂದಿಯ ಮರಿಗಳು ಪಕ್ಕದಲ್ಲೇ ನಿಂತು, ಇನ್ನೊಂದು ಸಲ ಕೇಳು ಮಾವ, ಅನ್ನುತ್ತವೆ. ಅವನು ಮತ್ತೆ ಕಿವಿಗೊಡುತ್ತಾನೆ.

ನೀತಿ: ತಪ್ಪನ್ನು ತಿದ್ದದೆ ಮುಚ್ಚಿಟ್ಟವನು ಕೊನೆಗೆ ತಾನೇ ಅದರಲ್ಲಿ ಸಿಕ್ಕಿಬೀಳುತ್ತಾನೆ.